ಬಲದಿಂದ ಎಡಕ್ಕೆ ಹೋದ ಕೈ

ಟಿಕ್, ಟಕ್. ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿಗೆ ಎರಡು ಹಂತ. ಮೊದಲನೆಯದಕ್ಕೆ ಮೆತ್ತಗೆ ಟಿಕ್, ಕೊನೆಯ ಹನಿಯನ್ನೂ ಹೊರದಬ್ಬುವಾಗ ಟಕ್. ಬೀದರಿನ ಆ ಲ್ಯಾಬಿನಲ್ಲಿ ಗುರುವಾರ ಬೆಳಗ್ಗೆ ನಾನೂ ಜೊತೆಯ ಹುಡುಗಿಯೂ ಅಕ್ಕಪಕ್ಕ ಕೂತರೆ, ನನ್ನ ಸದ್ದು ಯಾವುದು, ಅವಳದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವಳದು ಬೇಗ. ಬೇಗ ಮಾಡುವವರನ್ನು ನಾನು ಎಂದೂ ನಂಬಿದವಳಲ್ಲ.

ಸರಕಾರಿ ನೌಕರಿಯಿಂದ ರಿಟೈರ್ ಆದ ಮೇಲೆ ಖಾಸಗಿ ಲ್ಯಾಬಿನ ಮಾಲೀಕರು ನನ್ನನ್ನು ಕರೆಸಿಕೊಂಡಿದ್ದರು. ಅವಳು ಬಂದು ಆಗ ಎರಡು ವರ್ಷ. ಠಾಣಾ ಕುಶನೂರಿನ ಹುಡುಗಿ, ಅಪ್ಪ ಸಾಲೆ ಮಾಸ್ತರು, ದಿನವೂ ಔರಾದದಲ್ಲಿ ಬಸ್ಸು ಬದಲಿಸಿ ಬರುವವಳು. ವಾರವಿಡೀ ಔರಾದ, ಭಾಲ್ಕಿಗಳಿಂದ ಬಂದ ರಕ್ತವನ್ನು ಗುರುವಾರ ಒಬ್ಬೊಬ್ಬರು ಒಂದೊಂದು ಪ್ಲೇಟಿಗೆ ಹಾಕುವುದು ನಮ್ಮ ಕೆಲಸ. ಪ್ಲೇಟ್ ಅಂದರೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಎಂಟು ಸಾಲು, ಸಾಲಿಗೆ ಹನ್ನೆರಡು ಪುಟ್ಟ ಕುಳಿ, ಪ್ರತಿ ಕುಳಿಗೆ ಒಬ್ಬರ ರಕ್ತದ ತಿಳಿ. ಹಾಕಿದ ಮೇಲೆ ಎಲ್ಲವೂ ನೀರಿನಂತೆ ಒಂದೇ ಥರ. ಯಾವ ಕುಳಿ ಯಾರದು ಎಂಬುದಕ್ಕೆ ಅದು ಇರುವ ಜಾಗ ಬಿಟ್ಟರೆ ಬೇರೆ ಗುರುತಿಲ್ಲ. ಮಷೀನು ಒಂದೊಂದು ಕುಳಿಗೂ ಕೊಡುವ ಉತ್ತರವನ್ನು ಆ ಜಾಗ ನೋಡಿಯೇ ಹೆಸರಿನ ಮುಂದೆ ಬರೆಯಬೇಕು.

ಒಂದು ದಿನ ಭಾಲ್ಕಿಯಿಂದ ಒಬ್ಬ ಗಂಡಸು ಬಂದು ಮೇಜಿನ ಮೇಲೆ ಎರಡು ಕಾಗದ ಇಟ್ಟ. ಒಂದು ನಮ್ಮದು, ಅವನ ಬಸುರಿ ಹೆಂಡತಿಗೆ ಹೆಪಟೈಟಿಸ್ ಬಿ ಇದೆ ಎನ್ನುವುದು. ಇನ್ನೊಂದು ಬೇರೆ ಲ್ಯಾಬಿನದು, ಇಲ್ಲ ಎನ್ನುವುದು.

"ಬಾಯಾರ, ಇದರಾಗ ಖರೇ ಯಾವುದ್ರಿ?"

ನಾನು ಕನ್ನಡಕ ಒರೆಸಿಕೊಂಡೆ.

"ನಿಮ್ಮ ಕಾಗದ ನೋಡಿ ನಮ್ಮವ್ವ ಆಕಿ ತಾಟು, ಲೋಟ ಬ್ಯಾರೆ ಇಟ್ಟಾಳ್ರಿ. ಎಂಟು ದಿನ ಆಯ್ತು, ಆಕಿ ಸರಿ ಉಂಡಿಲ್ಲ. ಈಗ ಹೋಗಿ ನಾ ಏನಂತ ಹೇಳ್ಲಿ, ಮಷೀನಿಗಿ ನೆಗಡಿ ಬಂದಿತ್ತಂತಾ?"

ಮತ್ತೆ ಪರೀಕ್ಷಿಸಿದೆವು. ಹೆಂಗಸಿಗೆ ಏನೂ ಇರಲಿಲ್ಲ. ರೋಗವಿದ್ದದ್ದು ಪ್ಲೇಟಿನ ಅದೇ ಸಾಲಿನ ಇನ್ನೊಬ್ಬನಿಗೆ, ಔರಾದ ಕಡೆಯವನಿಗೆ. ಅವನಿಗೆ ಏನೂ ಇಲ್ಲ ಎಂದು ಬರೆದುಕೊಟ್ಟಿದ್ದೆವು.

ಮಾಲೀಕರು ನಮ್ಮಿಬ್ಬರನ್ನೂ ಒಳಗೆ ಕರೆದರು. "ಮುಂದಿನ ಗುರುವಾರದೊಳಗ ನನಗ ಗೊತ್ತಾಗಬೇಕ್ರಿ, ತಪ್ಪು ಯಾರ ಕೈದು ಅಂತ. ಆ ಕೈ ಇಲ್ಲಿ ಇರಂಗಿಲ್ಲ. ಭಾಲ್ಕಿ, ಔರಾದ ತನಕ ಹೆಸರು ಕೆಟ್ಟದ."

ಆ ಪ್ಲೇಟಿಗೆ ಇಬ್ಬರದೂ ಕೈ ಬಿದ್ದಿತ್ತು. ಮೇಲಿನ ಮೂರು ಸಾಲು ನಾನು ಹಾಕಿದ್ದೆ. ಆಗ ಕಣ್ಣಾಸ್ಪತ್ರೆಯಿಂದ ಫೋನ್ ಬಂತು, ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ನಿನ ಬಗ್ಗೆ. "ಉಳಿದದ್ದು ನೀ ಹಾಕವ್ವಾ" ಎಂದು ಎದ್ದು ಹೋದೆ. ತಪ್ಪಾದದ್ದು ನಾಲ್ಕನೆಯ ಸಾಲಿನಲ್ಲಿ. ಅದು ಅವಳ ಸಾಲು. ನನಗೆ ಇನ್ನೇನು ಪ್ರೂಫ್ ಬೇಕಿತ್ತು?

ಆದರೂ ನಾನು ಮಾಲೀಕರಿಗೆ ಏನೂ ಹೇಳಲಿಲ್ಲ. ಅವಳೇ ಒಪ್ಪಿಕೊಳ್ಳಲಿ ಎಂದು ಕಾದೆ. ಅವಳು ಒಪ್ಪಿಕೊಳ್ಳಲಿಲ್ಲ. ಬದಲಿಗೆ ವಿಚಿತ್ರವಾಗಿ ನಡೆದುಕೊಳ್ಳತೊಡಗಿದಳು. ಊಟದ ಹೊತ್ತಿಗೆ ಎಲ್ಲರೂ ಎದ್ದರೆ ಅವಳೊಬ್ಬಳೇ ಖಾಲಿ ಪ್ಲೇಟಿನ ಮೇಲೆ ಸ್ಕೇಲಿಟ್ಟು ಕುಳಿಗಳ ನಡುವಿನ ಅಂತರ ಅಳೆಯುತ್ತಿದ್ದಳು. ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದಳು. ಒಮ್ಮೆ ನಾನು ಕೆಲಸ ಮಾಡುವಾಗ ಹಿಂದೆ ಬಂದು ನಿಂತು ನನ್ನ ಕೈಯನ್ನೇ ನೋಡಿದಳು.

"ಏನ್ ನೋಡ್ಲತ್ತಿ?"

"ಏನಿಲ್ರಿ ಮೇಡಂ. ಕೂಡ್ರೋ ಎತ್ತರ ನೋಡ್ಲತ್ತಿದ್ನಿ."

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಪರೀಕ್ಷೆಯ ದಿನ ಬೆಂಚುಗಳ ನಡುವೆ ನಡೆಯುತ್ತ 'ಐಸ್ ಆನ್ ಯುವರ್ ಓನ್ ವರ್ಕ್', ಕಣ್ಣು ನಿಮ್ಮ ನಿಮ್ಮ ಕೆಲಸದ ಮೇಲಿರಲಿ, ಎನ್ನುತ್ತಿದ್ದರು. ಅದೇ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಕುಳಿ ಹುಡುಕುತ್ತ ತಡಕಾಡುವುದನ್ನು ವಿಡಿಯೋ ಮಾಡಿ ಮಾಲೀಕರಿಗೆ ತೋರಿಸುತ್ತಾಳೆ, ಮುದುಕಿಗೆ ಕಣ್ಣಿಲ್ಲ ಎಂದು ಸಾಬೀತು ಮಾಡುತ್ತಾಳೆ ಎಂದುಕೊಂಡೆ. ಮೋತಿಬಿಂದುವಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಆ ಫೋನನ್ನು ಅವಳು ಕೇಳಿಸಿಕೊಂಡಿರಬೇಕು. ಅಂದಿನಿಂದ ಅವಳು ಬಂದಾಗಲೆಲ್ಲ ನಾನು ಪಿಪೆಟ್ ಕೆಳಗಿಟ್ಟು ಸುಮ್ಮನೆ ರಿಜಿಸ್ಟರು ತಿರುವುತ್ತಿದ್ದೆ.

ಮಂಗಳವಾರ ಅವಳು ಒಂದು ಮಿಠಾಯಿ ಡಬ್ಬಿ ತಂದಳು. ಅದರ ಹೊಟ್ಟೆಯಲ್ಲಿ ಮೂಲೆ ಒಡೆದ ಟ್ಯಾಬ್ಲೆಟ್ ಒಂದು ಮಲಗಿತ್ತು, ಕೊರೊನಾ ಕಾಲದಲ್ಲಿ ಅವಳ ತಂಗಿ ಆನ್‌ಲೈನ್ ಕ್ಲಾಸು ಕೇಳಿದ್ದು. ಮೇಲೆ ಪ್ಲೇಟು ಅಲುಗಾಡದಂತೆ ಕೂರುವ ಚೌಕಟ್ಟು. ಬೀದರ ಪಕ್ಕದ ಕೊಳಾರದ ಫ್ಯಾಕ್ಟರಿಯಲ್ಲಿರುವ ಅಣ್ಣ ಬಿಸಾಕಿದ ಪ್ಲಾಸ್ಟಿಕ್ ತುಂಡು ಕೊರೆದು ಕೊಟ್ಟಿದ್ದನಂತೆ. ಹಳೆಯ ಮೌಸ್ ಬಿಚ್ಚಿ, ಅದರ ವೈರಿಗೆ ಕಾಲಿಂಗ್ ಬೆಲ್ಲಿನ ಗುಂಡಿ ಕಟ್ಟಿ ಕಾಲ ಬಳಿ ಇಟ್ಟಳು.

"ಇದರಾಗ ಕ್ಯಾಮೆರಾ ಅದ ಇಲ್ಲೋ?" ಎಂದೆ.

"ಅದರಿ, ಆದ್ರ ಅದು ಡಬ್ಬಿ ತಳಕ್ಕ ಮುಖಾ ಮಾಡಿ ಮಲಗೇದ. ಮಿಠಾಯಿ ಕಾಗದ ಬಿಟ್ರ ಅದಕ್ಕೇನೂ ಕಾಣಂಗಿಲ್ರಿ."

ಗುಂಡಿ ಒತ್ತಿದಳು. ಪ್ಲೇಟಿನ ಒಂದು ಕುಳಿಯ ಕೆಳಗೆ, ಟ್ಯಾಬ್ಲೆಟ್ಟಿನ ಪರದೆಯಲ್ಲಿ, ಬೆಳಕಿನ ಚುಕ್ಕೆ ಮೂಡಿತು. ಮತ್ತೆ ಒತ್ತಿದಳು. ಬೆಳಕು ಪಕ್ಕದ ಕುಳಿಗೆ ಸರಿಯಿತು. ಎಲ್ಲಿ ಹೊಳೆಯುತ್ತದೋ ಅಲ್ಲಿ ಹಾಕುವುದು. ಎದ್ದು ಹೋಗಿ ಬಂದರೂ ಬೆಳಕು ಅಲ್ಲೇ ಕಾದಿರುತ್ತದೆ. ಇಂಥದೇ ಯಂತ್ರ ಕಂಪನಿಯ ಕ್ಯಾಟಲಾಗಿನಲ್ಲಿತ್ತು. ಮಾಲೀಕರು ಅದರ ಬೆಲೆ ನೋಡಿ ಪುಟ ಮಗುಚಿದ್ದರು. ಇವಳು ಮನೆಯ ಗುಜರಿಯಲ್ಲೇ ಮಾಡಿಕೊಂಡು ಬಂದಿದ್ದಳು.

ಕ್ಲೆವರ್, ಎಂದುಕೊಂಡೆ. ತನ್ನ ತಪ್ಪು ಮುಚ್ಚಲು ಒಂದು ಆಟಿಕೆ.

"ಬಣ್ಣದ ನೀರು ಹಾಕಿ ನೋಡ್ರಿ ಮೇಡಂ" ಎಂದಳು. ನೋಡೋಣ ಎಂದು ಕೂತೆ. ಅವಳು ಗುಂಡಿ ಒತ್ತಿದಳು. ನನ್ನ ಕೈ ಬಲಗಡೆಯ ತುದಿಯ ಕುಳಿಗೆ ಇಳಿಯಿತು. ಬೆಳಕು ಎಡಗಡೆಯ ತುದಿಯಲ್ಲಿ ಹೊಳೆಯುತ್ತಿತ್ತು.

"ನಿನ್ನ ಡಬ್ಬಿ ಉಲ್ಟಾ ಅದ" ಎಂದೆ.

ಅವಳು ಪ್ಲೇಟಿನ ಅಂಚಿನಲ್ಲಿ ಎಡದಿಂದ ಒಂದು, ಎರಡು, ಮೂರು ಎಂದು ಹನ್ನೆರಡರವರೆಗೆ ಅಚ್ಚಾಗಿದ್ದ ಅಂಕಿಗಳ ಮೇಲೆ ಬೆರಳು ಎಳೆದಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀವು ಯಾವಾಗ್ಲೂ ಆ ಕಡಿಂದ ಚಾಲೂ ಮಾಡ್ತೀರೇನ್ರಿ?"

ಯಾವಾಗಲೂ. ಮೊದಲ ನೌಕರಿಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಟೆಕ್ನಿಶಿಯನ್ ಉರ್ದು ಸಾಲೆಯಲ್ಲಿ ಓದಿದವರು. ಅವರ ರಿಜಿಸ್ಟರು ಬಲಗಡೆಯಿಂದ ತೆರೆಯುತ್ತಿತ್ತು, ಸ್ಟ್ಯಾಂಡಿನಲ್ಲಿ ಗಾಜಿನ ನಳಿಕೆಗಳೂ ಬಲಗಡೆಯಿಂದಲೇ ಶುರು. "ಸರ್ ನಕ್ಕೋ ಉಠಾ, ಬೇಟಿ, ಲೈನ್ ಖತಂ ಹೋನೇ ತಕ್" ಎನ್ನುತ್ತಿದ್ದರು. ಸಾಲು ಮುಗಿಯುವ ತನಕ ತಲೆ ಎತ್ತಬಾರದು. ಅದನ್ನು ನಾನು ಈ ಹುಡುಗಿಗೂ ಕಲಿಸಿದ್ದೆ. ನಳಿಕೆ ಹೋಗಿ ಪ್ಲೇಟು ಬಂದರೂ ನನ್ನ ಕೈ ಬಲದಿಂದ ಎಡಕ್ಕೇ ನಡೆಯಿತು. ನನ್ನ ಪ್ಲೇಟಿಗೆ ಹಾಕುವವಳೂ ನಾನೇ, ಮಷೀನಿನ ಉತ್ತರವನ್ನು ಓದಿ ಬರೆಯುವವಳೂ ನಾನೇ. ಹಾಗಾಗಿ ಇಷ್ಟು ವರ್ಷ ಎಂದೂ ತಪ್ಪಾಗಿರಲಿಲ್ಲ. ಪ್ಲೇಟಿನ ಮೇಲಿನ ಅಂಕಿಗಳನ್ನು, ಫ್ರ್ಯಾಂಕ್ಲಿ, ನಾನು ನೋಡಿಯೇ ಇರಲಿಲ್ಲ. ಅಂದು ಮೊದಲ ಬಾರಿ ಒಂದೇ ಪ್ಲೇಟಿಗೆ ಇಬ್ಬರ ಕೈ ಬಿದ್ದಿತ್ತು. ಅವಳು ನಾಲ್ಕನೆಯ ಸಾಲನ್ನು ಎಡದಿಂದ ಹಾಕಿದ್ದಳು, ಎಲ್ಲರೂ ಹಾಕುವಂತೆ. ನಾನು ತಿರುಗಿ ಬಂದು ಅದನ್ನೂ ಬಲದಿಂದ ಓದಿ ಬರೆದಿದ್ದೆ.

ಅದರ ಕೆಳಗಿನ ಸಾಲುಗಳೂ ಹಾಗೇ ತಿರುಗಿದ್ದವು. ಅವುಗಳಲ್ಲಿ ಯಾರಿಗೂ ರೋಗವಿರಲಿಲ್ಲವಾದ್ದರಿಂದ ಅದಲುಬದಲಾದದ್ದು ಯಾರಿಗೂ ತಿಳಿದಿರಲಿಲ್ಲ.

"ಸಾಹೇಬರಿಗಿ ಹೇಳ್ತೀಯೇನು?" ಎಂದು ಕೇಳಿದೆ.

"ನಾ ಯಾಕ ಹೇಳ್ಲಿ ಮೇಡಂ? ನೀವೇ ಅವರಿಗಿ ಹೇಳ್ರಿ. ಗುರುವಾರಕ್ಕ ಇನ್ನಾ ಎರಡು ದಿನ ಅದ." ಎರಡು ಸಲ ಏನೋ ಒತ್ತಿ ತೋರಿಸಿದಳು. ಬೆಳಕು ಬಲತುದಿಗೆ ಹಾರಿತು. "ನಿಮಗ ಹೀಂಗ ಬೇಕಾದ್ರ ಹೀಂಗೂ ಆಗ್ತದ್ರಿ."

ಅಷ್ಟು ಒಳ್ಳೆಯತನವೂ ನನಗೆ ಅನುಮಾನ ತಂದಿತು. ಇಂದು ಸುಮ್ಮನಿದ್ದು ನಾಳೆ ಅದನ್ನೇ ಹಿಡಿದು ನನ್ನನ್ನು ಆಡಿಸುತ್ತಾಳೆ ಎಂದುಕೊಂಡೆ. ಬುಧವಾರ ಮಾಲೀಕರ ಬಾಗಿಲ ತನಕ ಎರಡು ಸಲ ಹೋಗಿ ತಿರುಗಿ ಬಂದೆ. ಇಷ್ಟು ವರ್ಷದ ಹೆಸರು, ಆಪರೇಷನ್ ಆಗದ ಕಣ್ಣು. ಮನೆಯಲ್ಲಿ ಕೂತು ಏನು ಮಾಡಲಿ?

ಗುರುವಾರ ಬೆಳಗ್ಗೆ ಮಾಲೀಕರು ಇಬ್ಬರನ್ನೂ ಕರೆದಾಗ ನಾನು ಗಂಟಲು ಸರಿ ಮಾಡಿಕೊಂಡೆ, ಅಷ್ಟೆ. ಅವಳು ಒಮ್ಮೆ ನನ್ನ ಮುಖ ನೋಡಿದಳು. ಕಾದಳು. ನಾನು ಬಾಯಿ ತೆರೆಯದ್ದನ್ನು ಕಂಡು, "ನಾಲ್ಕನೇ ಸಾಲು ನಾನೇ ಹಾಕೀನ್ರಿ" ಎಂದಳು. ಅದರಲ್ಲಿ ಸುಳ್ಳು ಇರಲಿಲ್ಲ. ಮಾಲೀಕರಿಗೆ ಅಷ್ಟೇ ಸಾಕಾಯಿತು. ಮಧ್ಯಾಹ್ನದ ಔರಾದ ಬಸ್ಸಿಗೆ ಅವಳು ಹೋದಳು. ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬಿಟ್ಟಿದ್ದಳು, ಬಲದಿಂದ ಎಡಕ್ಕೆ ಬೆಳಗುವಂತೆ ಮಾಡಿ.

ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಐದನೆಯ ದಿನ ಮಾಲೀಕರ ಎದುರು ಕೂತು ಎಲ್ಲವನ್ನೂ ಹೇಳಿದೆ. ಅವರು ನಕ್ಕರು. "ಆಕಿ ತಾನಾ ಒಪ್ಕೊಂಡು ಹೋಗ್ಯಾಳ. ನೀವ್ಯಾಕ ಮೈಮ್ಯಾಲ ಹಾಕ್ಕೊಳ್ತೀರಿ? ಬಿಡ್ರಿ." ಲ್ಯಾಬಿನ ಬೋರ್ಡಿನ ಮೇಲೆ ನನ್ನ ಹೆಸರಿತ್ತು, ಅದನ್ನು ಅಳಿಸುವುದು ಅವರಿಗೆ ಬೇಕಿರಲಿಲ್ಲ. ಮರುದಿನದಿಂದ ನಾನೇ ಹೋಗುವುದನ್ನು ನಿಲ್ಲಿಸಿದೆ.

ಭಾಲ್ಕಿಯ ಲ್ಯಾಬೊಂದು ಅವಳನ್ನು ಸೇರಿಸಿಕೊಂಡಿದೆ, ಆದರೆ ರಕ್ತ ತೆಗೆಯಲು ಮಾತ್ರ, ಪ್ಲೇಟಿನ ಹತ್ತಿರ ಬಿಡುವುದಿಲ್ಲ ಎಂದು ಕೇಳಿದೆ. ಆ ಲ್ಯಾಬಿನವರಿಗೆ ಕಾಗದ ಬರೆದೆ, ಸಿಸ್ಟರು ಕಲಿಸಿದ ಕರ್ಸಿವ್‌ನಲ್ಲಿ, ತಪ್ಪು ಹೇಗಾಯಿತು, ಯಾರಿಂದಾಯಿತು ಎಂದು ಚಿತ್ರ ಸಮೇತ. ಉತ್ತರ ಬರಲಿಲ್ಲ. ಆ ಕಾಗದ ಕಸದ ಬುಟ್ಟಿಗೆ ಹೋಗಿದೆ ಎಂದೇ ನನ್ನ ಗುಮಾನಿ.

ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳಿಗೆ ಭಾಲ್ಕಿಯ ಆ ಲ್ಯಾಬಿಗೆ ಹೋದೆ. ರಿಸೆಪ್ಶನ್ನಿನವಳು "ಯಾರು ಬೇಕಾಗಿತ್ರಿ ಅಮ್ಮಾ?" ಎಂದಳು. ಗಾಜಿನ ಆಚೆ ಆ ಹುಡುಗಿ ಕಂಡಳು. ರಕ್ತ ತೆಗೆಯುವಲ್ಲಲ್ಲ, ಪ್ಲೇಟಿನ ಮುಂದೆ ಕೂತಿದ್ದಳು. ಕೆಳಗೆ ಹೊಸದೊಂದು ಡಬ್ಬಿ, ಈ ಸಲ ಬಿಸ್ಕತ್ತಿನದು. ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ ಒಂದೊಂದೇ ಕುಳಿ ಸರಿಯುತ್ತಿತ್ತು. ಗಾಜಿನಿಂದಾಗಿ ಟಿಕ್‌ಟಕ್ ಕೇಳಿಸಲಿಲ್ಲ. ಅವಳ ಹೆಬ್ಬೆರಳನ್ನೇ ನೋಡುತ್ತ ಎಣಿಸಿದೆ. ಏಳು, ಎಂಟು, ಒಂಬತ್ತು. ಅವಳು ತಲೆ ಎತ್ತಲಿಲ್ಲ.

ಇನ್ನು ಮೂರು ಕುಳಿ ಮುಗಿದರೆ ಎತ್ತುತ್ತಾಳೆ. ಎತ್ತಿದರೆ ನನ್ನನ್ನು ನೋಡುತ್ತಾಳೆ.

"ಯಾರೂ ಬ್ಯಾಡವ್ವಾ" ಎಂದು ಹೇಳಿ, ಹನ್ನೊಂದನೆಯದಕ್ಕೆ ನಾನು ಬಾಗಿಲು ದಾಟಿದ್ದೆ.