ಗಿರಣಿ ಬಸಲಿಂಗಮ್ಮನ ಸುಖಾಸನ

ಏಪ್ರಿಲ್ ತಿಂಗಳು, ಸಂಜೆ ನಾಲ್ಕು ಗಂಟೆ, ಹಗರಿಬೊಮ್ಮನಹಳ್ಳಿಯ ಒಂದು ತಗಡಿನ ಗೋದಾಮು. ಅದರೊಳಗೆ ಷಟರ್ ಎಳೆದುಕೊಂಡು ಕೂರುವವರ ತಲೆ ನೆಟ್ಟಗಿದೆ ಎಂದು ಯಾರೂ ಹೇಳಲಾರರು. ಯೋಗದ ಮಾಸ್ತರ ಶಿವಶಂಕರ ಮಾತ್ರ ಇದಕ್ಕೆ ‘ಹಾಟ್ ಯೋಗ’ ಎನ್ನುತ್ತಿದ್ದ. ಶಿವಮೊಗ್ಗದ ಕಡೆಯ ಹುಡುಗ, ಬೆಂಗಳೂರಿನಲ್ಲಿ ಕಲಿತು ಬಂದವನು. ಅಲ್ಲಿ ಹೀಟರ್ ಹಚ್ಚಿ ಕೋಣೆ ಕಾಯಿಸುತ್ತಾರಂತೆ. ಇಲ್ಲಿ ಆ ಕೆಲಸವನ್ನು ಸೂರ್ಯ ಪುಕ್ಕಟೆ ಮಾಡಿಕೊಡುತ್ತಿದ್ದ.

ಅಲ್ಲಿಗೆ ಬಸಲಿಂಗಮ್ಮ ಶೋಕಿಗೆ ಬಂದವಳಲ್ಲ. ಸ್ಟೇಷನ್ ರಸ್ತೆಯ ಹಿಟ್ಟಿನ ಗಿರಣಿ ಅವಳದು. ಗಂಡ ಹಾಲಸ್ವಾಮಿ ತೀರಿಕೊಂಡ ಮೇಲೆ ಸ್ವಿಚ್ಚು, ಬೆಲ್ಟು, ಕಲ್ಲು ಎಲ್ಲವನ್ನೂ ತಾನೇ ನೋಡಿಕೊಂಡು ‘ಗಿರಣಿ ಬಸಲಿಂಗಮ್ಮ’ ಎಂದು ಹೆಸರಾಗಿದ್ದಳು. ಈಚೆಗೆ ಎದೆ ಕಟ್ಟಿ ಉಸಿರು ಮೇಲೆ ಬರುತ್ತಿರಲಿಲ್ಲ. ಅರ್ಧ ಹಿಟ್ಟಿನ ಧೂಳು, ಇನ್ನರ್ಧ ಏನೆಂದು ತನಗೆ ತಿಳಿಯದು, ಪ್ರಾಣಾಯಾಮ ಕಲಿತು ನೋಡಿ ಎಂದಿದ್ದರು ಡಾಕ್ಟರು. ಅದನ್ನು ಕೇಳಿಸಿಕೊಂಡಿದ್ದ ಮೈದುನ ಗುರುಶಾಂತ ಒಂದು ಗಡುವು ಇಟ್ಟ.

“ಶ್ರಾವಣದೊಳಗ ಉಸುರು ಸರಿ ಆದ್ರ ಸರಿ ಅತ್ತಿಗೆಮ್ಮ. ಇಲ್ಲಂದ್ರ ಗಿರಣಿ ನನಗ ಬಿಡ್ರಿ. ಮಷೀನ್ ಕಿತ್ತು ಟೈರಿನ ಅಂಗಡಿ ಹಾಕ್ತೀನಿ. ನೀವು ಆರಾಮ ಮನ್ಯಾಗಿರ್ರಿ.”

ಅವಳಿಗೆ ಆರಾಮ ಬೇಕಿರಲಿಲ್ಲ. ಗಿರಣಿಯ ಸದ್ದು ನಿಂತರೆ ತಲೆಯೊಳಗಿನ ಸದ್ದು ಕೇಳಿಸುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಪಕ್ಕದ ಮನೆಯ ನಾಗಲಿಂಗಮ್ಮ ಆಗಲೇ ಯೋಗಕ್ಕೆ ಹೋಗುತ್ತಿದ್ದಳು. ಅವಳ ಬೆನ್ನು ಹತ್ತಿ ಇವಳೂ ಹೋದಳು.

ಮೊದಲ ದಿನ ಕೈ ಎತ್ತಿದ್ದಾಯಿತು, ಬಗ್ಗಿದ್ದಾಯಿತು, ಬೆವರು ಕಣ್ಣಿಗಿಳಿದು ಉರಿಯಿತು. ಅಷ್ಟಾದ ಮೇಲೆ ಮಾಸ್ತರ, “ಈಗ ಶವಾಸನ. ಹೆಣದ ಹಾಗೆ ಮಲಗಿ” ಎಂದ.

ಬಸಲಿಂಗಮ್ಮನಿಗೆ ನಗು ಬಂತು. “ನಮ್ಮಲ್ಲಿ ಹೆಣ ಮಲಗಂಗಿಲ್ರಿ ಸರ, ಕುಂದರ್ತಾವ” ಎಂದಳು. ಹೆಂಗಸರೆಲ್ಲ ಕಿಸಕ್ಕೆಂದರು. ಅವಳು ಅಂಗಾತ ಮಲಗಿದಳು, ಗೊರಕೆ ಹೊಡೆಯುವುದೊಂದು ಬಾಕಿ.

ಆಮೇಲೆ ಮಾಸ್ತರ ಸುಖಾಸನ ಎಂದ. ಎಲ್ಲರೂ ಗೋಡೆಗೆ ಒರಗಿ, ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಅಲುಗಾಡದೆ ಕೂರಬೇಕು. ಬಸಲಿಂಗಮ್ಮ ಕೂತಳು. ಮರುಕ್ಷಣ ದಡಕ್ಕನೆ ಎದ್ದು ನಿಂತಳು. ಸಾಲಾಗಿ ಗೋಡೆಗೆ ಒರಗಿದ ಹೆಂಗಸರು, ಹಣೆಯ ಮೇಲೆ ವಿಭೂತಿ, ಮುಚ್ಚಿದ ಕಣ್ಣು. ಅವಳು ಷಟರ್ ಎತ್ತಿಸಿಕೊಂಡು ಹೊರಗೆ ಬಂದು ಬೇವಿನ ಮರ ಹಿಡಿದು ನಿಂತಳು.

ಮೂರು ವರ್ಷದ ಹಿಂದೆ ಇಂಥದೇ ಧಗೆಯಲ್ಲಿ ಹಾಲಸ್ವಾಮಿ ಎದೆನೋವೆಂದು ಬೆಳಿಗ್ಗೆಯೇ ಹೋಗಿಬಿಟ್ಟಿದ್ದ. ಮೈ ತೊಳೆದು, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂಡಿಸಿ, ಮೈಮೇಲೆ ಶಾಲು ಹೊದಿಸಿದ್ದರು. ಭಜನೆ ನಡೆದಿತ್ತು. ಮಧ್ಯಾಹ್ನ ಭಜನೆಯವರು ನೀರು ಕುಡಿಯಲು ಎದ್ದಾಗ ಬಸಲಿಂಗಮ್ಮ ತಲೆ ಎತ್ತಿ ನೋಡಿದಳು. ಗಂಡನ ಎದೆಯ ಮೇಲಿನ ಶಾಲು ಮೆಲ್ಲಗೆ ಎದ್ದಿತು, ಇಳಿಯಿತು. ಮತ್ತೆ ಎದ್ದಿತು. ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೆಂಗಸರು ಅವಳನ್ನು ಒಳಗೆ ಎಳೆದೊಯ್ದರು. ಸಂಜೆಗೆ ಅವನನ್ನು ಕೂತ ಹಾಗೆಯೇ ಮಣ್ಣಿಗಿಟ್ಟರು.

ಡಾಕ್ಟರು ಬಂದು ನೋಡಿ ಜೀವ ಹೋಗಿದೆ ಎಂದು ಹೇಳಿ ಹೋಗಿದ್ದರು, ನಿಜ. ಆದರೆ ಅವರು ನೋಡಿದ್ದು ಬೆಳಿಗ್ಗೆ, ಅವಳು ಕಂಡದ್ದು ಮಧ್ಯಾಹ್ನ. ಉಸಿರಿರುವಾಗಲೇ ಮಣ್ಣು ಹಾಕಿದೆವೇನೋ ಎಂಬ ಒಂದು ಮಾತು ಅವಳ ಗಂಟಲಲ್ಲಿ ಕೂತು ಮೂರು ವರ್ಷವಾಗಿತ್ತು. ಅದು ಅಲ್ಲಿಂದ ಏಳುತ್ತಿರಲಿಲ್ಲ.

ಒಂದು ವಾರ ಅವಳು ಸುಖಾಸನದ ಹೊತ್ತಿಗೆ ನೀರಿನ ನೆಪ, ಸೊಂಟದ ನೆಪ ಹೂಡಿದಳು. ಮಾಸ್ತರನಿಗೆ ಸಾಕಾಯಿತು.

“ಅಮ್ಮ, ಪ್ರಾಣಾಯಾಮ ಕೂತೇ ಮಾಡ್ಬೇಕು. ನಾಳೆ ಕೂರೋದಾದ್ರೆ ಬನ್ನಿ. ಇಲ್ಲಾಂದ್ರೆ ನನ್ನ ಟೈಮೂ ಹಾಳು, ನಿಮ್ಮ ಟೈಮೂ ಹಾಳು.”

ಅವಳು ಸೆರಗಿನ ತುದಿ ಹಿಂಡುತ್ತ ಕೇಳಿದಳು. “ಸರ, ಒಂದು ಮಾತು. ಉಸುರು ಆಡಾಕತ್ತಿದ್ರೂ ಯಾರಿಗೂ ತಿಳೀದಂಗ ಇರ್ತೈತೇನ್ರಿ?”

ಮಾಸ್ತರನಿಗೆ ಶಿಷ್ಯೆ ಹಾದಿಗೆ ಬಂದಳೆಂದು ಖುಷಿಯಾಯಿತು. “ಇರತ್ತಮ್ಮ. ದೊಡ್ಡ ಸಾಧಕರ ಉಸಿರು ಎಷ್ಟು ಸೂಕ್ಷ್ಮ ಆಗತ್ತೆ ಅಂದ್ರೆ, ನೋಡಿದವರು ಸತ್ತೇ ಹೋಗಿದಾರೆ ಅನ್ಕೋಬೇಕು.”

ಪಾಪದ ಹುಡುಗ, ತಾನೇನು ಹೇಳಿದೆನೆಂದು ಅವನಿಗೇನು ಗೊತ್ತು. ಬಸಲಿಂಗಮ್ಮ ಮನೆಗೆ ಹೇಗೆ ಮುಟ್ಟಿದಳೋ ಅವಳಿಗೇ ನೆನಪಿಲ್ಲ. ಎದೆ ಎಷ್ಟು ಬಿಗಿಯಿತೆಂದರೆ ಮರುದಿನ ಗಿರಣಿ ಶುರು ಮಾಡಲಾಗಲಿಲ್ಲ. ಜೋಳದ ಡಬ್ಬಿಗಳು ಸಾಲಾಗಿ ಕಾದವು. ಗುರುಶಾಂತ ಬಂದು ಬೀಗ ನೋಡಿ, ಬಾಗಿಲಿನ ಅಗಲವನ್ನು ಗೇಣಿನಲ್ಲಿ ಅಳೆದುಕೊಂಡು ಹೋದ. ಅವನು ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆದರೂ ನಾಲ್ಕಕ್ಕೆ ಹೋದಳು. ನಾಗಲಿಂಗಮ್ಮನ ಎದುರಿಗೆ ಕೂತಳು, ಕಣ್ಣು ಮಾತ್ರ ಮುಚ್ಚಲಿಲ್ಲ. ಅವತ್ತು ಬಿಸಿಲಿಗೆ ತಗಡು ಟಣ್ ಟಣ್ ಎನ್ನುತ್ತಿತ್ತು. ಒಬ್ಬರಿಗೆ ತಲೆ ತಿರುಗಿತು. ಮಾಸ್ತರ ಗಾಬರಿಯಾಗಿ ತನ್ನ ಶಾಸ್ತ್ರವನ್ನೆಲ್ಲ ಬದಿಗಿಟ್ಟು ಎದುರಂಗಡಿಯಿಂದ ಟೇಬಲ್ ಫ್ಯಾನು ತಂದು ಹಚ್ಚಿದ. “ಈಗ ಉಸಿರು ಎಳ್ಕೊಳ್ಳಿ. ಹಿಡೀರಿ. ನಾನು ಹೇಳೋವರೆಗೂ ಬಿಡಬೇಡಿ” ಎಂದ.

ನಾಗಲಿಂಗಮ್ಮ ಗೋಡೆಗೆ ಒರಗಿ, ಕೆನ್ನೆ ಉಬ್ಬಿಸಿ ಹಿಡಿದಳು. ಅವಳ ಎದೆಯ ಮೇಲಿನ ಸೆರಗು ಮೆಲ್ಲಗೆ ಎದ್ದಿತು, ಇಳಿಯಿತು.

ಬಸಲಿಂಗಮ್ಮ ಮುಂದಕ್ಕೆ ಬಗ್ಗಿ ನಾಗಲಿಂಗಮ್ಮನ ಮೂಗಿನ ಕೆಳಗೆ ಬೆರಳಿಟ್ಟಳು. ಉಸಿರಿಲ್ಲ. ಸೆರಗು ಮತ್ತೆ ಎದ್ದಿತು. ಅವಳು ಹಿಂದೆ ತಿರುಗಿ ನೋಡಿದಳು. ಫ್ಯಾನು ಕತ್ತು ಆ ಕಡೆ ಹೊರಳಿಸಿತು, ಸೆರಗು ಸುಮ್ಮನಾಯಿತು. ಈ ಕಡೆ ಹೊರಳಿಸಿತು, ಸೆರಗು ಎದ್ದಿತು.

ನಾಗಲಿಂಗಮ್ಮ ಬುಸ್ಸೆಂದು ಉಸಿರು ಬಿಟ್ಟಳು. “ಏನಕ್ಕಾ, ಮೂಗಿಗ್ಯಾಕ ಕೈ ಹಾಕ್ತಿ?”

“ನಾಗೀ, ನಮ್ಮನಿಯವರ್ನ ಕುಂದ್ರಿಸಿದ್ದರಲ್ಲ, ಅವತ್ತು ಅಲ್ಲಿ ಫ್ಯಾನು ಇತ್ತೇನು?”

“ಇತ್ತಲ್ಲ. ಅಂಥಾ ಧಗಿ, ನಾನಽ ನಮ್ಮನಿದು ತಂದು ಅಣ್ಣಾರ ಮುಂದ ಇಟ್ಟಿದ್ದೆ. ಮುಂಜಾನಿಂದ ಕರೆಂಟು ಇದ್ದಿಲ್ಲ. ಮಧ್ಯಾಹ್ನ ಭಜನಿಯವರು ಎದ್ದ ಹೊತ್ತಿಗೆ ಬಂತು ನೋಡು.”

ಬಸಲಿಂಗಮ್ಮ ಅಲ್ಲೇ, ಎಲ್ಲರ ನಡುವೆ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಾಸ್ತರ ಬೆವರಿನಿಂದ ಕಣ್ಣು ಉರಿದಿದೆ ಎಂದುಕೊಂಡು ನೀರು ತಂದುಕೊಟ್ಟ. ಅವಳು ಕುಡಿದು, ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕಾಲು ಮಡಚಿದಳು. ಕಣ್ಣು ಮುಚ್ಚಿದಳು. ಎದೆ ಕಟ್ಟಿಯೇ ಇತ್ತು, ಆದರೂ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಮನೆಗೆ ಹೋಗುವಾಗ ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ನಾಗಲಿಂಗಮ್ಮ ನಡುರಸ್ತೆಯಲ್ಲೇ ನಿಂತುಬಿಟ್ಟಳು. ಗಿರಣಿಯ ಕಟ್ಟೆಯ ಮೇಲೆ ಗುರುಶಾಂತ ಕಾಯುತ್ತ ಕೂತಿದ್ದ. ಬಸಲಿಂಗಮ್ಮ ಅವನನ್ನು ದಾಟಿ ಹೋಗಿ ಬೀಗ ತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊದಲ ಡಬ್ಬಿಗೆ ಕೈ ಹಾಕಿದಳು.

ಹಿಂದೆಯೇ ಬಂದ ನಾಗಲಿಂಗಮ್ಮನಿಗೆ ತಡೆಯಲಾಗಲಿಲ್ಲ. “ಮೂರು ವರ್ಷ ಇದನ್ನ ಒಬ್ಬಾಕಿನಽ ನುಂಗಿಕೊಂಡಿದ್ಯೇನಕ್ಕಾ? ನನ್ನ ಒಂದು ಮಾತು ಕೇಳಿದ್ರ ಆಗತಿತ್ತಲ್ಲ.”

ಬಸಲಿಂಗಮ್ಮ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತಳು.

“ಕೇಳಿದ್ರ ನೀನು ‘ಹೌದು, ನಾನೂ ಕಂಡೆ’ ಅಂದಿದ್ರ?” ಎಂದಳು. ಆಮೇಲೆ ಗಿರಣಿ ಶುರು ಮಾಡಿದಳು.