ಯಾರನ್ನೂ ಕೇಳದೆ ಹೋಗಿ ಬರುವಷ್ಟು ಪೆಟ್ರೋಲು

ಗಾಡಿ ಓಡಿಸುವಾಗ ನನ್ನ ಎರಡೂ ಕಿವಿಗಳು ಎಂಜಿನ್ನಿನ ಹತ್ತಿರವೇ ಇರುತ್ತವೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಚ್ಚಿಕೊಂಡು ಬಂದರೂ ನನಗೆ ತಡವಾಗಿ ತಿಳಿಯುತ್ತದೆ. ಎಂಜಿನ್ನು ಒಮ್ಮೆ ಕೆಮ್ಮಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಪೆಟ್ರೋಲು ಮುಗಿಯಿತೇ? ಮುಗಿದಿರುವುದಿಲ್ಲ. ಮನೆಯಿಂದ ಹೊರಡುವ ಮೊದಲು ಮುಚ್ಚಳ ತೆಗೆದು ಇಣುಕಿರುತ್ತೇನೆ, ಗಾಡಿಯನ್ನು ಅಲುಗಿಸಿ ಒಳಗಿನ ಸಪ್ಪಳ ಕೇಳಿರುತ್ತೇನೆ, ಬೀದಿಯ ತಿರುವಿನಲ್ಲಿ ಮತ್ತೊಮ್ಮೆ ಅಲುಗಿಸಿರುತ್ತೇನೆ. ಆದರೂ ಹೆದರಿಕೆಗೆ ಸಾಕ್ಷಿ ಪುರಾವೆಗಳು ಸಾಲುವುದಿಲ್ಲ.

ಗಾಡಿ ಅಪ್ಪ ಬಿಟ್ಟುಹೋದ ಹಳೆಯ ಮೋಟರ್ ಸೈಕಲ್ಲು. ಅದರ ಪೆಟ್ರೋಲ್ ಮುಳ್ಳು ಅಪ್ಪನ ಕಾಲದಿಂದಲೂ ಅರ್ಧದಲ್ಲೇ ನಿಂತಿದೆ. ಟ್ಯಾಂಕು ತುಂಬಿದರೂ ಅರ್ಧ, ಬರಿದಾದರೂ ಅರ್ಧ. ಅಂಥ ಸಮಚಿತ್ತ ನನಗೆ ಬಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಅಫಜಲಪುರದಲ್ಲಿ ಹುಡುಗಿಯರು ಸ್ಕೂಟಿ ಓಡಿಸಿದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಗೇರಿನ ಗಾಡಿ ಓಡಿಸಿದರೆ ನೋಡುತ್ತಾರೆ. ನೋಡಿದವರು ಹತ್ತಿರ ಬಂದು ಕೇಳುತ್ತಾರೆ: "ಎವರೇಜ್ ಎಷ್ಟ ಕೊಡ್ತದ್ರಿ?" ಎಮ್ಮೆ ಹೊತ್ತಿಗೆ ಎಷ್ಟು ಹಿಂಡುತ್ತದೆ ಎಂದು ವಿಚಾರಿಸುವ ಧಾಟಿಯೇ ಅದು. ಲೀಟರಿಗೆ ಎಷ್ಟು ಓಡುತ್ತದೆಂಬ ಈ ಪ್ರಶ್ನೆಗೆ ಉತ್ತರಿಸುವಾಗ ನಮ್ಮ ಕಡೆಯ ಗಂಡಸರು ಸತ್ಯಕ್ಕೆ ಸ್ವಲ್ಪ ಗಾಳಿ ತುಂಬುತ್ತಾರೆ. ಅದೇ ಗಾಡಿ ಚಹಾದಂಗಡಿಯ ಬೆಂಚಿನ ಮೇಲೆ ದೂರ ಓಡುತ್ತದೆ, ರಸ್ತೆಯ ಮೇಲೆ ಅದಕ್ಕಿಂತ ಮೊದಲೇ ನಿಲ್ಲುತ್ತದೆ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಹಾಗಾಗಿ ಎವರೇಜು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ತುಸು ಇರಿಸುಮುರಿಸು. ಸರಾಸರಿ ಒಳ್ಳೆಯದೇ, ಆದರೆ ಸರಾಸರಿಯಲ್ಲಿ ಯಾರ ಪೆಟ್ರೋಲೂ ಮುಗಿಯುವುದಿಲ್ಲ. ಅದು ಮುಗಿಯುವುದು ಯಾವುದೋ ಒಂದು ಮಧ್ಯಾಹ್ನ, ಎದುರು ಗಾಳಿಯಿರುವ ಒಂದು ರಸ್ತೆಯಲ್ಲಿ, ಒಬ್ಬ ಮನುಷ್ಯನ ಕಾಲ ಕೆಳಗೆ. ಸರಾಸರಿಯ ಅಕ್ಕಪಕ್ಕ ಎಷ್ಟು ಏರುಪೇರಿದೆ ಎಂದು ಅಳೆಯಲು ನಮ್ಮ ಶಾಸ್ತ್ರದಲ್ಲಿ ಬೇರೆಯೇ ಲೆಕ್ಕವಿದೆ. ನನ್ನ ಭಯ ವಾಸವಾಗಿರುವುದು ಆ ಏರುಪೇರಿನಲ್ಲಿ.

ತುಂಬಿಸುವುದರಲ್ಲೂ ನನಗೆ ನೇಮಗಳಿವೆ. ಗಾಡಿಯನ್ನು ಓರೆಯಾಗಿ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಂಬಿಸಿದರೆ ಟ್ಯಾಂಕು ತುಂಬಿದಂತೆ ನಟಿಸುತ್ತದೆ, ನೆಟ್ಟಗೆ ನಿಲ್ಲಿಸಿದ ಮೇಲೆ ಒಳಗಿನ ಖಾಲಿ ಜಾಗ ಕಾಣುತ್ತದೆ. ಹಾಗೆಂದು ಕುತ್ತಿಗೆಯವರೆಗೆ ತುಂಬಿಸಿದರೆ ನಮ್ಮ ಬಿಸಿಲಿಗೆ ಪೆಟ್ರೋಲು ಹಿಗ್ಗಿ ಮುಚ್ಚಳದ ಸಂದಿನಿಂದ ಹನಿಯುತ್ತದೆ. ಗಾಡಿ ನೆಟ್ಟಗಿರಬೇಕು, ಪೈಪು ತಾನಾಗಿ ಟಕ್ಕೆಂದು ನಿಂತಾಗ ನಾವೂ ನಿಲ್ಲಿಸಬೇಕು. ಇಷ್ಟು ಹೇಳಿದರೆ ಬಂಕಿನವರು ನನ್ನನ್ನು ಪೆಟ್ರೋಲಿಯಂ ಇಲಾಖೆಯಿಂದ ಬಂದವಳೆಂದು ತಿಳಿದು ಸುಮ್ಮನಾಗುತ್ತಾರೆ.

ಇಷ್ಟೆಲ್ಲ ಯಾಕೆ? ಪೆಟ್ರೋಲು ಮುಗಿದರೆ ಗಾಡಿ ನಿಲ್ಲುತ್ತದೆ, ಅಷ್ಟೇ ತಾನೇ? ನಿಂತ ಮೇಲೆ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ನಮ್ಮ ಸೀಮೆಯ ಜನ ಒಳ್ಳೆಯವರು. ರಸ್ತೆಯಲ್ಲಿ ಹೆಣ್ಣುಮಗಳೊಬ್ಬಳು ಗಾಡಿ ನಿಲ್ಲಿಸಿಕೊಂಡು ನಿಂತರೆ ಯಾರಾದರೂ ಬಂದೇ ಬರುತ್ತಾರೆ. ಬಂದವರು ಕೈ ಹಚ್ಚುವುದರ ಜೊತೆಗೇ ಕೇಳುತ್ತಾರೆ: ಯಾವೂರು? ಯಾವ ಓಣಿ? ಯಾರ ಪೈಕಿ? ಮನೆಯಲ್ಲಿ ನಮ್ಮದು ಬುದ್ಧನ ಪಟ, ಊರಲ್ಲಿ ನಮ್ಮದು ಕೊನೆಯ ಓಣಿ. ಓಣಿ ಹೇಳಿದರೆ ಜಾತಿ ಹೇಳಿದ ಹಾಗೆ. ಹೇಳಲು ನನಗೆ ನಾಚಿಕೆಯಿಲ್ಲ. ಕೇಳಿದವರ ಮುಖದ ಮೇಲೆ ಆಮೇಲೆ ಏನು ಬರುತ್ತದೆಂದು ನಿಂತು ಕಾಯಬೇಕಲ್ಲ, ಆ ಒಂದು ಗಳಿಗೆಯ ಭಯ. ತುಂಬಿದ ಟ್ಯಾಂಕೆಂದರೆ ನನ್ನ ಲೆಕ್ಕದಲ್ಲಿ ಕಿಲೋಮೀಟರುಗಳಲ್ಲ. ಯಾರನ್ನೂ ಏನೂ ಕೇಳದೆ, ಯಾರಿಂದಲೂ ಏನೂ ಕೇಳಿಸಿಕೊಳ್ಳದೆ ಹೋಗಿ ಬರುವಷ್ಟು ದಾರಿ.

ಈ ಭಯ ಬಂದದ್ದು ಅವ್ವನಿಂದ. ಗಾಡಿಯ ಕೀಲಿ ನನ್ನ ಕೈಗೆ ಕೊಡುವಾಗ ಅವಳು ಹಾಕಿದ ಷರತ್ತು ಒಂದೇ: "ನಡುವ ಎಲ್ಲೂ ನಿಂದ್ರಬ್ಯಾಡ." ಯಾಕೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮಿಬ್ಬರ ನಡುವೆ ಹೀಗೆ ಹೇಳದೆ ಕೇಳದೆ ಇಟ್ಟ ಸಂಗತಿಗಳು ಸಾಕಷ್ಟಿವೆ, ಅವುಗಳ ಮೇಲೇ ನಮ್ಮ ಸಂಸಾರ ನಡೆದಿದೆ.

ಕಳೆದ ಬೇಸಿಗೆಯಲ್ಲಿ ನನಗೆ ಜೇವರ್ಗಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಹೋದರೆ ಮೊದಲನೆಯ ತರಗತಿ ಮುಗಿದಿರುತ್ತದೆ. ಅಲ್ಲೇ ಕೋಣೆ ಹಿಡಿಯೋಣವೆಂದರೆ ಮನೆ ಮಾಲೀಕರು ಬಾಡಿಗೆ ಹೇಳುವ ಮೊದಲು ಕೇಳುವುದೂ ಅದೇ ಪ್ರಶ್ನೆ. ಉಳಿದದ್ದು ಗಾಡಿ. ಅವ್ವ ಎರಡು ದಿನ ಯೋಚಿಸಿದಳು. ಆಮೇಲೆ, "ನಾ ದಾರಿ ನೋಡ್ತೇನಿ. ನೋಡಿ ಹೇಳ್ತೇನಿ," ಎಂದಳು. ಅಂದರೆ ಹಿಂದಿನ ಸೀಟಿನ ಮೇಲೆ ಕುಳಿತು ಅವಳು ದಾರಿಯನ್ನು ಪರೀಕ್ಷೆ ಮಾಡುವವಳು. ದಾರಿ ನಪಾಸಾದರೆ ನನ್ನ ಕೆಲಸವೂ ನಪಾಸು.

ಹೊರಡುವ ಮುನ್ನಾದಿನ ಊರಿನ ಬಂಕಿನಲ್ಲಿ ಸ್ಟಾಕ್ ಇರಲಿಲ್ಲ. ಟ್ಯಾಂಕಿನಲ್ಲಿ ಇದ್ದದ್ದನ್ನು ನೋಡಿ ನಾನೊಂದು ಲೆಕ್ಕ ಹಾಕಿದೆ. ಇಂಥ ಗಾಡಿಗಳ ಟ್ಯಾಂಕಿನ ಕೆಳಗೆ ಎಡಗಡೆಗೆ ಒಂದು ಸಣ್ಣ ತಿರುಗಣೆ ಇರುತ್ತದೆ, ಮೆಕ್ಯಾನಿಕ್ಕುಗಳು ಕಾಕ್ ಎನ್ನುತ್ತಾರೆ. ಅದು ಆನ್‌ನಲ್ಲಿದ್ದರೆ ಟ್ಯಾಂಕಿನ ತಳದ ಸ್ವಲ್ಪ ಪೆಟ್ರೋಲು ಹಾಗೆಯೇ ಉಳಿಯುತ್ತದೆ. ಮೇಲಿನದು ಮುಗಿದಾಗ ಎಂಜಿನ್ನು ಕೆಮ್ಮುತ್ತದೆ, ಆಗ ಕಾಕ್ ಅನ್ನು ರಿಸರ್ವ್‌ಗೆ ತಿರುವಿ ತಳದ್ದರಲ್ಲಿ ಓಡಿಸಬೇಕು. ಮುಳ್ಳು ಸತ್ತ ಗಾಡಿಗೆ ಆ ಕೆಮ್ಮೇ ಎಚ್ಚರಿಕೆ. ನಾನು ಯೋಚಿಸಿದ್ದು ಇಷ್ಟೇ: ನಡುದಾರಿಯ ಘತ್ತರಗಿ ಮುಟ್ಟುವುದರೊಳಗೆ ಕೆಮ್ಮಿದರೆ ಅಲ್ಲೇ ಅಂಗಡಿಯಲ್ಲಿ ಬಾಟಲಿ ಪೆಟ್ರೋಲು ಹಾಕಿಸುವುದು, ಕೆಮ್ಮದಿದ್ದರೆ ಧೈರ್ಯವಾಗಿ ಹೊಳೆ ದಾಟುವುದು, ಜೇವರ್ಗಿಯವರೆಗೆ ತೊಂದರೆಯಿಲ್ಲ.

ಅವ್ವ ಹಿಂದೆ ಕುಳಿತು ನನ್ನ ಹೆಗಲನ್ನು ಒಗೆದ ಬಟ್ಟೆ ಹಿಂಡಿದಂತೆ ಹಿಡಿದಿದ್ದಳು. "ಸಾವಕಾಸ ಹೊಡಿ. ಇನ್ನಾ ಸಾವಕಾಸ. ಆ ಎತ್ತಿನ ಬಂಡಿ ನಮ್ಮನ್ನ ಹಿಂದ ಹಾಕಿದ್ರೂ ಹಾಕಲಿ, ನಮಗೇನ ಶರ್ಯತ್ತ ಅದ?" ಹೀಗೆ ಸೆಕೆಂಡ್ ಗೇರಿನಲ್ಲೇ ಘತ್ತರಗಿ ಬಂತು. ಭಾಗ್ಯವಂತಿಯ ಗುಡಿಗೆ ಬಂದವರ ಗದ್ದಲ ದಾಟಿದೆವು. ಗಾಡಿ ಕೆಮ್ಮಲಿಲ್ಲ. ನಾನು ಸಮಾಧಾನದಿಂದ ಭೀಮೆಯ ಸೇತುವೆ ದಾಟಿದೆ. ಆ ಸಮಾಧಾನ ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಜೇವರ್ಗಿ ಇನ್ನೇನು ಬಂತು ಎನ್ನುವಲ್ಲಿ, ಎರಡೂ ಕಡೆ ಜೋಳ ಕೊಯ್ದು ಬರಿದಾದ ಕರಿ ಹೊಲಗಳ ನಡುವೆ, ಎಂಜಿನ್ನು ಕೆಮ್ಮಿತು. ಸರಿ, ಈಗ ಬಂತು ಎಂದು ಕೈಯನ್ನು ಕಾಕ್ ಕಡೆ ಒಯ್ದೆ. ಅದು ಆಗಲೇ ರಿಸರ್ವ್ ಕಡೆ ತಿರುಗಿಕೊಂಡಿತ್ತು. ಅಂದರೆ ತಳದ್ದೂ ಕೆಮ್ಮಿಲ್ಲದೆ ಖರ್ಚಾಗಿತ್ತು. ಗಾಡಿ ನಿಂತಿತು. ಮರವಿಲ್ಲ, ಮನೆಯಿಲ್ಲ. ಅವ್ವ ಕೆಳಗಿಳಿದು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನಿಂತ್ತಲ್ಲ," ಎಂದಳು, ಅಷ್ಟೇ. ಆ ಒಂದು ಮಾತಿನಲ್ಲಿ ನನ್ನ ನೌಕರಿಯ ರಾಜೀನಾಮೆಯನ್ನು ನಾನು ಓದಿಕೊಂಡೆ.

ಯಾರೂ ಬರಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಬೇಡಿಕೊಳ್ಳುತ್ತಿರುವಾಗಲೇ ಮೊಪೆಡ್ಡಿನ ಮೇಲೆ ಗಂಡ ಹೆಂಡತಿ ಬಂದರು. ನಡು ವಯಸ್ಸಿನವರು, ನಡುವೆ ಒಂದು ಮೇವಿನ ಹೊರೆ.

"ಯಾಕ್ರೆವ್ವಾ, ಏನಾಗ್ಯಾದ ಗಾಡಿಗಿ?" ಎಂದು ಗಂಡ ಇಳಿದ.

"ಪೆಟ್ರೋಲ್ ಆಗಿರ್ತದ ನೋಡ್ರಿ," ಎಂದಳು ಹೆಂಡತಿ ಹೊರೆಯ ಹಿಂದಿನಿಂದ. "ನಮ್ಮವರೂ ಹಿಂಗೇ. ಟಂಕಿ ತುಂಬ್ಸೋದಂದ್ರ ಇವರಿಗಿ ಜೀವಾ ಹೋದಂಗ ಆಗ್ತದ."

"ಸುಮ್ನಿರ ಬೇ, ನೀ ಯಾವಾಗ ಮೆಕ್ಯಾನಿಕ್ ಆದಿ?" ಎಂದು ಆತ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. "ಕಾಕ್ ರಿಸರ್ವದಾಗೇ ಅದಲ್ರೀ! ಯಾರ ತಿರುವ್ಯಾರ ಇದನ್ನ?"

ನಾನಲ್ಲ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಹೇಳಿದಳು: "ನಾನೇ ತಿರುವೀನ್ರಿ. ರಾತ್ರಿ ಮಲಗೋಮುಂದ ಗ್ಯಾಸ್ ಬಂದ್ ಮಾಡಲ್ಲೇನ್ರಿ, ಹಂಗ ಬಂದ್ ಮಾಡಿದ್ದೆ. ಗಾಡಿ ಮನಿಯೊಳಗೇ ನಿಂದ್ರಸ್ತೀವಿ. ಅಂಜಿಕಿ ಬರ್ತದ."

ಹೆಂಡತಿ ಹೊರೆ ಹಿಡಿದುಕೊಂಡು ನಕ್ಕಳು. "ಛಲೋ ಆಯ್ತ ತಗೋರಿ! ಇನ್ನ ಕುಕ್ಕರ್ ಸೀಟಿ ಹೊಡ್ಯೂ ತನಾ ಕಾಯ್ರಿ!"

ಅವ್ವನೂ ನಕ್ಕಳು. ನಾನು ನಗಲಿಲ್ಲ. ಬಂದ್ ಎಂದು ತಿಳಿದು ಅವ್ವ ತಿರುವಿದ್ದು ರಿಸರ್ವ್‌ಗೆ. ಎಲ್ಲೂ ನಿಲ್ಲಬೇಡವೆಂದವಳ ಅಂಜಿಕೆಯೇ ರಾತ್ರಿ ಎದ್ದು ಹೋಗಿ ನಮ್ಮನ್ನು ಇಲ್ಲಿ ನಿಲ್ಲಿಸಲು ಏರ್ಪಾಡು ಮಾಡಿ ಬಂದಿತ್ತು.

"ಫಿಕರ್ ಮಾಡಬ್ಯಾಡ್ರಿ," ಎಂದ ಆತ. "ಬಲಕಿನ ಹೊಟ್ಟ್ಯಾಗ ಜರಾ ಉಳದಿರ್ತದ. ಬಾಗ್ಸಿದ್ರ ಈ ಕಡಿ ಬರ್ತದ. ಬಂಕಿನ ಮಟಾ ಒಯ್ತದ." ಟ್ಯಾಂಕು ಗಾಡಿಯ ಬೆನ್ನ ಮೇಲೆ ಎರಡೂ ಕಡೆ ಇಳಿಬಿದ್ದ ಚೀಲದ ಹಾಗಿರುತ್ತದೆ, ನಡುವೆ ಒಂದು ದಿಬ್ಬ. ಬಲಗಡೆ ಸಿಕ್ಕಿಕೊಂಡದ್ದು ದಿಬ್ಬ ದಾಟಿ ಎಡಕ್ಕೆ ಬರಬೇಕಾದರೆ ಗಾಡಿಯನ್ನು ನೆಲ ಮುಟ್ಟುವಷ್ಟು ಬಾಗಿಸಬೇಕು. ಅದು ಒಬ್ಬರ ಕೆಲಸವಲ್ಲ. ನಾನು ಹ್ಯಾಂಡಲ್ ಹಿಡಿದೆ, ಆತ ಟ್ಯಾಂಕಿಗೆ ಕೈ ಕೊಟ್ಟು ಭಾರವನ್ನೆಲ್ಲ ತನ್ನ ಮೇಲೆ ತೆಗೆದುಕೊಂಡ. ಹಾಗೆ ಬಾಗಿಸಿ ಹಿಡಿದುಕೊಂಡೇ ಕೇಳಿದ:

"ಊರು ಯಾವುದ್ರಿ?"

"ಅಫಜಲಪುರ್ರಿ."

"ಅಫಜಲಪುರದಾಗ ಎಲ್ಲಿ?"

"ಬಸ್ ಸ್ಟ್ಯಾಂಡ್ ಹತ್ರರಿ," ಎಂದೆ. ಇದು ನಾನು ಎಂದಿನಿಂದಲೋ ಸಿದ್ಧ ಮಾಡಿಟ್ಟುಕೊಂಡ ಉತ್ತರ. ಬಸ್ ಸ್ಟ್ಯಾಂಡಿಗೆ ಜಾತಿಯಿಲ್ಲ.

"ಹೌದಾ? ಅಲ್ಲಿ ನಮ್ಮ ಬೀಗರು ಅದಾರ. ಬಸ್ ಸ್ಟ್ಯಾಂಡ್ ಹತ್ರ ಯಾರ ಪೈಕಿ ನೀವು?"

ಗಾಡಿಯ ಅಷ್ಟೂ ಭಾರ ಅವನ ಕೈಯಲ್ಲಿತ್ತು. ಕೈ ತೆಗೆದರೆ ಅದು ನನ್ನ ಕಾಲ ಮೇಲೆ.

"ಬಸ್ ಸ್ಟ್ಯಾಂಡ್ ಅಲ್ರಿ," ಎಂದಿತು ಹಿಂದಿನಿಂದ ಅವ್ವನ ದನಿ. "ಇಕಿ ಅಂಜಿ ಹಂಗ ಹೇಳ್ತಾಳ. ನಾವು ಬೌದ್ಧರ ಓಣ್ಯಾವ್ರು. ಊರ ಕಡೀಕ ಅದ ನೋಡ್ರಿ, ಅಲ್ಲಿ. ಅಂಗನವಾಡ್ಯಾಗ ಅಡಗಿ ಮಾಡ್ತೇನಿ ನಾ."

ಆತ "ಹೂಂ" ಎಂದ. ಆ ಹೂಂನಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ನಾನು ಅವನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದೆ. ಉಬ್ಬಿದ ನರಗಳ, ಉಗುರಲ್ಲಿ ಮಣ್ಣು ಕೂತ ಕೈ. ಅದು ಟ್ಯಾಂಕಿನ ಮೇಲೇ ಇತ್ತು.

"ಇನ್ನ ಜರಾ ಬಾಗಸ್ರಿ," ಎಂದ. "ಪೂರಾ ಬರ್ಲಿ."

ಒಳಗೆ ಗುಳುಗುಳು ಸಪ್ಪಳವಾಗಿ ಪೆಟ್ರೋಲು ಈ ಕಡೆ ಬಂತು. ಗಾಡಿ ಮೂರನೆಯ ಒದೆತಕ್ಕೆ ಎದ್ದಿತು. ಇದನ್ನೂ ಹೇಳಬೇಕು: ಅವ್ವ ಮಾತಾಡುವ ಮೊದಲು ಆ ಹೆಂಗಸು ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಸಡಿಲಿಸುತ್ತಿದ್ದಳು. ಆಮೇಲೆ ನೋಡಿದರೆ ಬಾಟಲಿ ಚೀಲದೊಳಗಿತ್ತು. ನಮಗೆ ಕೊಡಲೆಂದು ತೆಗೆದಿದ್ದಳೋ, ತಾನು ಕುಡಿದು ಇಟ್ಟಳೋ, ಗೊತ್ತಿಲ್ಲ. ಒಂದೇ ಒಂದು ಘಟನೆಯಿಂದ ತೀರ್ಮಾನಕ್ಕೆ ಬರಬಾರದೆಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ನಾನೂ ತೀರ್ಮಾನಕ್ಕೆ ಬರಲಿಲ್ಲ. ಮರೆಯಲೂ ಇಲ್ಲ.

ಉಳಿದ ದಾರಿಯಲ್ಲಿ ಅವ್ವ ಸಾವಕಾಸ ಎಂದು ಕೂಡ ಅನ್ನಲಿಲ್ಲ. ಮನಸ್ಸಿನಲ್ಲಿ ನಾನು ಕಾಲೇಜಿಗೆ ಬರೆಯಬೇಕಾದ ಪತ್ರದ ಮೊದಲ ಸಾಲು ಕೂಡಿಸುತ್ತಿದ್ದೆ. ಸಾಲು ಮುಗಿಯುವ ಮೊದಲೇ ಬಂಕು ಬಂತು. ಪೈಪು ಹಿಡಿದು ನಿಂತಿದ್ದವಳು ಒಬ್ಬ ಹೆಂಗಸು, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದಳು. "ಎಷ್ಟ ಹಾಕ್ಲಿ?" ಎಂದಳು ನನ್ನ ಕಡೆ ನೋಡದೆ.

ಅವ್ವ ನನಗಿಂತ ಮುಂದೆ ಬಂದು ನಿಂತಳು.

"ಫುಲ್ ಮಾಡ್ರಿ. ಇಕಿ ನನ್ನ ಮಗಳು. ನಿಮ್ಮೂರ ಕಾಲೇಜಿನ್ಯಾಗ ಕಲಸಾಕ ಬರಾಕತ್ತಾಳ, ಸೋಮವಾರದಿಂದ. ದಿನಾ ಇದೇ ದಾರಿ ಅಕಿದು. ಮಾರಿ ನೆನಪಿಟ್ಕೋರಿ."

ಯಾರೂ ಕೇಳಿರಲಿಲ್ಲ. ಅವ್ವ ನನಗಿನ್ನೂ ತಿಳಿಸದ ತೀರ್ಪನ್ನು ಮೊದಲು ಒಬ್ಬ ಅಪರಿಚಿತ ಹೆಂಗಸಿಗೆ ಹೇಳಿದ್ದಳು. ಆಕೆ ಪೈಪನ್ನು ಟ್ಯಾಂಕಿಗೆ ಇಟ್ಟು, ಈಗ ತಲೆಯೆತ್ತಿ ನನ್ನ ಮುಖವನ್ನು ನಿಧಾನವಾಗಿ ನೋಡಿದಳು, ಹೇಳಿದಂತೆ ನೆನಪಿಟ್ಟುಕೊಳ್ಳುವವಳ ಹಾಗೆ. "ಹೌದೇನ್ರಿ ಮೇಡಂ?"

"ಹೌದ್ರಿ," ಎಂದೆ. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಆದರೆ ಆ ದಾರಿಯಲ್ಲಿ ನನ್ನ ಮುಖ ಬಲ್ಲವರು ಒಬ್ಬರಾಗಿದ್ದರು. ಪೈಪು ಟಕ್ಕೆಂದು ನಿಂತಿತು.