ಸಿಂಕಿನ ಕೆಳಗಿನ ಲೋಟ

ಮಗಳು ವಾರಾಂತ್ಯದಲ್ಲಿ ಕೆಲಸ ಮಾಡುವ ಮ್ಯೂಸಿಯಮ್ಮಿಗೆ ಅತ್ತೆಯನ್ನು ಕರೆದುಕೊಂಡು ಹೋಗೋಣವೆಂದು ಹಟ ಹಿಡಿದವಳು ನಾನೇ. ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅವರು ವಾಪಸ್ಸು ಹೊರಡುವ ದಿನ ಹತ್ತಿರವಾಗಿತ್ತು. ಅಜ್ಜಿ ಮೊಮ್ಮಗಳು ಒಬ್ಬರನ್ನೊಬ್ಬರು ಬಿಟ್ಟು ಊಟಕ್ಕೂ ಕೂರುತ್ತಿರಲಿಲ್ಲ. ಆ ಅಕ್ಕರೆ ಹಾಗೇ ಉಳಿದು ಇಬ್ಬರೂ ನಗುನಗುತ್ತಾ ಬೀಳ್ಕೊಳ್ಳಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯಿಂದ ಅದು ದೂರವೇನಲ್ಲ. ಹಳೆಯ ಕಾಲದ ತೋಟದ ಮನೆ, ಕಮ್ಮಾರಸಾಲೆ, ಶಾಲೆಗಳನ್ನು ಅಲ್ಲಲ್ಲಿಂದ ಬಿಚ್ಚಿ ತಂದು ಒಂದು ಬಯಲಿನಲ್ಲಿ ನಿಲ್ಲಿಸಿದ್ದಾರೆ. ‘ಮೊದಲು ಬಂದು ನೆಲೆಸಿದವರು’ ಎನ್ನುತ್ತದೆ ಬಾಗಿಲಲ್ಲಿನ ಬೋರ್ಡು. ಅವರಿಗಿಂತ ಮುಂಚೆ ಇಲ್ಲಿದ್ದವರೇನು ಗಾಳಿಯಲ್ಲಿದ್ದರೆ? ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ತೋಟದ ಮನೆಯ ಹೊಸ್ತಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಅದೇ ಪದ್ಧತಿಯಿರಬೇಕೆಂದು ಹಿಂದೆ ಬರುತ್ತಿದ್ದ ಬಿಳಿಯ ದಂಪತಿಯೂ ಶೂ ಲೇಸು ಬಿಚ್ಚತೊಡಗಿದರು. ಉದ್ದ ಲಂಗ, ಬಿಳಿ ಟೋಪಿ ತೊಟ್ಟು ಒಳಗೆ ನಿಂತಿದ್ದ ಮಗಳು ನಗು ತಡೆದುಕೊಂಡಳು. ಒಲೆ, ಒರಳು, ಉಪ್ಪಿನ ಮರಿಗೆ ಎಲ್ಲವನ್ನೂ ಅತ್ತೆ ಮುಟ್ಟಿ ಮುಟ್ಟಿ ನೋಡಿದರು. ನಮ್ಮ ಅಡುಗೆಮನೆಯ ಹಾಗೇ ಇದೆ ಎಂದು ಅವರಿಗೆ ಖುಷಿಯೋ ಖುಷಿ.

ಹಿತ್ತಿಲ ಬಾಗಿಲ ಬಳಿ ಒಂದು ಮರದ ಬಟ್ಟಲಿತ್ತು. ಈ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಗುಲಾಮ ಹೆಂಗಸು ಎಲ್ಲರಿಗೂ ಬಡಿಸಿ, ತಾನು ಇದರಲ್ಲಿ ಉಣ್ಣುತ್ತಿದ್ದಳು, ಮನೆಯವರ ಪಾತ್ರೆಗಳ ಜೊತೆ ಇದನ್ನು ಇಡುತ್ತಿರಲಿಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಏನಂದಳು ಎಂದು ಅತ್ತೆ ಕೇಳಿದರು. ನಾನು ಅರ್ಧ ನುಂಗಿಕೊಂಡು, ಕೆಲಸದವಳ ಬಟ್ಟಲಂತೆ, ಬೇರೆ ಇಡುತ್ತಿದ್ದರಂತೆ ಎಂದೆ.

ಅತ್ತೆ ಮೆಚ್ಚುಗೆಯಿಂದ ತಲೆದೂಗಿದರು. “ನೋಡು, ಇವ್ರೂ ಎಷ್ಟು ಚೊಕ್ಕವಾಗಿದ್ರು. ನಾನು ಸುಮ್ನೆ ಏನೋ ಅಂದ್ಕೊಂಡಿದ್ದೆ.”

ಮಗಳು ಕನ್ನಡ ಆಡುವುದಿಲ್ಲ, ಆದರೆ ಪೂರ್ತಿ ಅರ್ಥವಾಗುತ್ತದೆ. ಅವಳ ಮುಖ ಬಿಳಿಚಿತು. ಉಳಿದವರಿಗೆ ಮಿಕ್ಕ ಕೋಣೆಗಳನ್ನೆಲ್ಲ ತೋರಿಸಿ ಮುಗಿಸಿದಳು. ಕಾರಿನಲ್ಲಿ ಬಾಯಿಬಿಟ್ಟಳು.

“ಅಜ್ಜಿ, ದಟ್ ಟಂಬ್ಲರ್ ಅಂಡರ್ ದ ಸಿಂಕ್. ಹೂ ಈಸ್ ಇಟ್ ಫಾರ್?”

ಟಂಬ್ಲರ್, ಸಿಂಕ್ ಎಂಬೆರಡು ಮಾತೇ ಅತ್ತೆಗೆ ಸಾಕಾದವು. ಯಾರಿಗೆಂದು ಮೂವರಿಗೂ ಗೊತ್ತಿತ್ತು. ಶುಕ್ರವಾರ ಮನೆ ಕ್ಲೀನ್ ಮಾಡಲು ಬರುವಾಕೆಗೆ ಅತ್ತೆ ಬಂದ ವಾರವೇ ಒಂದು ಸ್ಟೀಲ್ ಲೋಟ ಗೊತ್ತುಮಾಡಿದ್ದರು. ಅವಳು ಅದರಲ್ಲಿ ಕಾಫಿ ಕುಡಿದು, ತೊಳೆದು, ಸೋಪಿನ ಡಬ್ಬಿಗಳ ಪಕ್ಕ ಇಡುತ್ತಿದ್ದಳು. ಅತ್ತೆ ಊರಿಗೆ ಹೋಗುವತನಕ ತಾನೇ ಎಂದು ನಾನು ಸುಮ್ಮನಿದ್ದೆ. “ಅದು ಬೇರೆ ವಿಷ್ಯ, ಪುಟ್ಟಿ,” ಎಂದು ಅತ್ತೆ ಕಿಟಕಿಯತ್ತ ತಿರುಗಿದರು. ದೊಡ್ಡವರ ಮುಂದೆ ಇದೇನು ಅಧಿಕಪ್ರಸಂಗ ಎಂದು ಮಗಳನ್ನು ಗದರಿದವಳು ನಾನು.

ಮನೆಗೆ ಬಂದವಳೇ ಮಗಳು ಆ ಲೋಟವನ್ನು ಮೇಲಿನ ಕಪಾಟಿಗೆ ಸೇರಿಸಿಬಿಟ್ಟಳು. ಎಲ್ಲ ಅತ್ತೆಯೇ ತಂದ ಒಂದೇ ಸೆಟ್ಟಿನ ಲೋಟಗಳು, ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ಅತ್ತೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಸೋತರು. ಅಂದಿನಿಂದ ಹೊರಡುವವರೆಗೂ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಕುಡಿದರು, ಕಾಫಿ ಬಿಟ್ಟೇಬಿಟ್ಟರು. ಮಗಳು ತಟ್ಟೆ ಹಿಡಿದು ತನ್ನ ರೂಮಿಗೆ ಹೋಗತೊಡಗಿದಳು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರಿಗಾಗಿಯೂ ಸಂಕಟ. ಏರ್‌ಪೋರ್ಟಿನಲ್ಲಿ ಮಗಳು ಅಜ್ಜಿಯ ಕಾಲು ಮುಟ್ಟಿದಳು, ಮುಖ ನೋಡಲಿಲ್ಲ. ಅತ್ತೆ ಅವಳ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಲೋಟಗಳು ಈಗಲೂ ಕಪಾಟಿನಲ್ಲೇ ಇವೆ. ಬೆಳಿಗ್ಗೆ ಕಾಫಿಗೆ ಒಂದನ್ನು ಎತ್ತಿಕೊಂಡು, ಬಗ್ಗಿಸುವ ಮುನ್ನ, ಇದೇ ಅದಿರಬಹುದೇ ಎಂದು ತಿರುಗಿಸಿ ನೋಡುತ್ತೇನೆ. ಮೊನ್ನೆ ಕತ್ತೆತ್ತಿದಾಗ ಎದುರಿಗೆ ಮಗಳು ನನ್ನ ಕೈಯ ಲೋಟವನ್ನೇ ನೋಡುತ್ತಾ ನಿಂತಿದ್ದಳು. ತನ್ನ ತಟ್ಟೆ ಎತ್ತಿಕೊಂಡು ರೂಮಿಗೆ ಹೋದಳು.